ಬೈಕಂಪಾಡಿಯ ಕಟ್ಟಡಗಳಿಗೆ ಕಿಟಕಿ-ಬಾಗಿಲು: ಚದರಡಿ ದರದಾಚೆಗಿನ ಲೆಕ್ಕ

ನವಮಂಗಳೂರು ಬಂದರು 1975ರ ಜನವರಿಯಲ್ಲಿ ಉದ್ಘಾಟನೆಗೊಂಡ ನಂತರದ ದಶಕಗಳಲ್ಲಿ ಬೈಕಂಪಾಡಿ ಕೈಗಾರಿಕಾ ಪ್ರದೇಶದಲ್ಲಿ ತಲೆಯೆತ್ತಿದ ಅನೇಕ ಶೆಡ್ಡುಗಳು, ಗೋದಾಮುಗಳು ಹಾಗೂ ಆಡಳಿತ ಕಚೇರಿಗಳು ಈಗ ನವೀಕರಣ ಬೇಡುವ ವಯಸ್ಸಿಗೆ ಬಂದಿವೆ. ಇಂತಹ ಕಟ್ಟಡಗಳಲ್ಲಿ ಗೋಡೆಗಿಂತ ಮೊದಲು ಸೋಲುವುದು ಕಿಟಕಿ-ಬಾಗಿಲುಗಳು. ಅವನ್ನು ಬದಲಿಸಲು ಹೊರಟ ಉದ್ಯಮಿಯು ಮೂರು ಕಡೆ ದರಪಟ್ಟಿ ತರಿಸಿ, ಚದರಡಿಗೆ ಕಡಿಮೆ ಹೇಳಿದವರಿಗೆ ಕೆಲಸ ಒಪ್ಪಿಸುವುದು ರೂಢಿ. ಎರಡನೆಯ ಮಳೆಗಾಲದಲ್ಲಿ ಕಿಟಕಿಯ ಕೆಳಗಿರಿಸಿದ ರಟ್ಟಿನ ಪೆಟ್ಟಿಗೆಗಳು ಒದ್ದೆಯಾದಾಗ ಆ ಉಳಿತಾಯದ ನಿಜವಾದ ಬೆಲೆ ತಿಳಿಯುತ್ತದೆ.

ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ, ಪಡುವಣ ಗಾಳಿಯೊಂದಿಗೆ. ಇಲ್ಲಿ ಮಳೆ ನೇರವಾಗಿ ಬೀಳುವುದಕ್ಕಿಂತ ಅಡ್ಡಲಾಗಿ ಹೊಡೆಯುವುದೇ ಹೆಚ್ಚು. ಗಂಟೆಗೆ 72 ಕಿಲೋಮೀಟರ್ ವೇಗದ ಗಾಳಿಯ ಒತ್ತಡವು ಸುಮಾರು 25 ಮಿಲಿಮೀಟರ್ ಎತ್ತರದ ನೀರನ್ನು ತಡೆದು ನಿಲ್ಲಿಸಬಲ್ಲದು. ಅಂದರೆ ಜಾರುವ ಕಿಟಕಿಯ ಹಳಿಯ ಒಳಅಂಚು ಅದಕ್ಕಿಂತ ತಗ್ಗಾಗಿದ್ದರೆ, ಹಳಿಯಲ್ಲಿ ನಿಂತ ನೀರು ಹೊರಗೆ ಹರಿಯುವ ಬದಲು ಒಳಗೇ ಇಳಿಯುತ್ತದೆ. ನೀರು ಹೊರಹೋಗುವ ಸಣ್ಣ ಕಂಡಿಗಳು ಧೂಳಿನಿಂದಲೋ, ಪೈಂಟಿನಿಂದಲೋ ಮುಚ್ಚಿಹೋಗಿದ್ದರೆ ಹೇಳುವುದೇ ಬೇಡ. ಆದುದರಿಂದ ಪಶ್ಚಿಮ ಮತ್ತು ನೈಋತ್ಯ ಗೋಡೆಗಳಿಗೆ ಜಾರುವ ಕಿಟಕಿಗಿಂತ, ರಬ್ಬರ್ ಪಟ್ಟಿಯ ಮೇಲೆ ಒತ್ತಿ ಮುಚ್ಚಿಕೊಳ್ಳುವ, ಹೊರಕ್ಕೆ ತೆರೆಯುವ ಕಿಟಕಿಯೇ ಲೇಸು. ಪೂರ್ವದ ಗೋಡೆಗೆ ಜಾರುವ ಕಿಟಕಿ ಸಾಕು. ಒಂದೇ ಕಟ್ಟಡಕ್ಕೆ ಎರಡು ಬಗೆಯ ಕಿಟಕಿ ಏಕೆಂದು ಗುತ್ತಿಗೆದಾರರು ಆಕ್ಷೇಪಿಸಬಹುದು. ನಾಲ್ಕು ದಿಕ್ಕುಗಳಿಗೂ ಮಳೆ ಒಂದೇ ಬಗೆಯಲ್ಲಿ ಹೊಡೆಯುವುದಿಲ್ಲ ಎಂಬುದೇ ಅದಕ್ಕೆ ಉತ್ತರ.

ಹಿಂದಿನವರು ಇದನ್ನು ಅರಿತಿದ್ದರು. ಬಾಸೆಲ್ ಮಿಷನ್ 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಬಳಿಕ ಕರಾವಳಿಯಲ್ಲಿ ಹರಡಿದ ಹೆಂಚಿನ ಕಟ್ಟಡಗಳಲ್ಲಿ ಮಾಡಿನ ಇಳಿಜಾರು ಗೋಡೆಯಿಂದ ಬಹಳಷ್ಟು ಮುಂದಕ್ಕೆ ಚಾಚಿರುತ್ತಿತ್ತು. ಕಿಟಕಿ ಚಿಕ್ಕದಾಗಿ, ಒಳಸರಿದು ಕೂರುತ್ತಿತ್ತು. ಇಂದಿನ ಡಬ್ಬಿಯಾಕಾರದ ಕಚೇರಿಗಳಿಗೆ ಸನ್‌ಶೇಡೇ ಇಲ್ಲ. ನವೀಕರಣದ ಹಣದಲ್ಲಿ ಮೊದಲ ಪಾಲು ಎರಡಡಿಯ ಸನ್‌ಶೇಡಿಗೆ ಮೀಸಲಾದರೆ, ಉಳಿದ ಯಾವ ಸಾಮಗ್ರಿಯೂ ಅಷ್ಟರಮಟ್ಟಿಗೆ ಹೆಚ್ಚು ಕಾಲ ಬಾಳುತ್ತದೆ.

ಚೌಕಟ್ಟಿನ ವಸ್ತುವಿನ ಕುರಿತು ಚರ್ಚೆ ಬಹಳ. ತೇಗದ ಅಥವಾ ಹಲಸಿನ ಹಳೆಯ ದಾರಂದ ಗೆದ್ದಲಿಗೆ ತುತ್ತಾಗದೆ ಗಟ್ಟಿಯಾಗಿದ್ದರೆ ಅದನ್ನು ಕಿತ್ತೆಸೆಯುವುದು ನಷ್ಟವೇ ಸರಿ. ಯುಪಿವಿಸಿಗೆ ಉಪ್ಪುಗಾಳಿಯ ಭಯವಿಲ್ಲ. ಆದರೆ ಅದಕ್ಕೆ ಬಲ ಕೊಡುವುದು ಒಳಗಿರುವ ಉಕ್ಕಿನ ಪಟ್ಟಿ. ಆ ಪಟ್ಟಿ ಸತು ಲೇಪಿತವಾಗಿರಬೇಕು, ದೊಡ್ಡ ಕಿಟಕಿಗಳಲ್ಲಿ ಅದನ್ನು ಬಿಟ್ಟುಬಿಡಬಾರದು. ಬಾಯ್ಲರ್ ಹಾಗೂ ಕುಲುಮೆಯ ಬಳಿ ಯುಪಿವಿಸಿ ಸಲ್ಲದು. ಅಲ್ಯುಮಿನಿಯಂ ಆರಿಸುವವರು ಆನೋಡೈಸ್ ಲೇಪನ 25 ಮೈಕ್ರಾನ್ ಇದೆಯೇ ಎಂದು ಲಿಖಿತವಾಗಿ ಕೇಳಬೇಕು. ಹಸಿ ಸಿಮೆಂಟಿನ ಕ್ಷಾರವೂ ಅಲ್ಯುಮಿನಿಯಂನ್ನು ತಿನ್ನುವುದರಿಂದ ಗಾರೆ ಕೆಲಸ ಮುಗಿದ ಮೇಲೆಯೇ ಚೌಕಟ್ಟು ಕೂರಿಸಬೇಕು.

ಆದರೆ ಕಡಲಿಗೆ ಇಷ್ಟು ಸಮೀಪದಲ್ಲಿ ಕಿಟಕಿಯ ಆಯುಷ್ಯವನ್ನು ತೀರ್ಮಾನಿಸುವುದು ಚೌಕಟ್ಟಿಗಿಂತ ಹೆಚ್ಚಾಗಿ ಸ್ಕ್ರೂ, ಹಿಂಜು ಮತ್ತು ಗೋಡೆಯೊಡನೆಯ ಸಂದು. ಅಲ್ಯುಮಿನಿಯಂಗೆ ಸಾಧಾರಣ ಕಬ್ಬಿಣದ ಸ್ಕ್ರೂ ಹಾಕಿದರೆ ಉಪ್ಪಿನ ತೇವದಲ್ಲಿ ಎರಡು ಲೋಹಗಳ ನಡುವೆ ವಿದ್ಯುತ್ ರಾಸಾಯನಿಕ ಕ್ರಿಯೆ ನಡೆಯುತ್ತದೆ. ಸ್ಕ್ರೂ ತುಕ್ಕು ಹಿಡಿಯುವುದಷ್ಟೇ ಅಲ್ಲ, ಅದರ ಸುತ್ತಲಿನ ಅಲ್ಯುಮಿನಿಯಂ ಕೂಡ ಬಿಳಿಪುಡಿಯಾಗಿ ಉದುರತೊಡಗುತ್ತದೆ. ಮಾಲಿಬ್ಡಿನಂ ಸೇರಿರುವ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಇಲ್ಲಿಗೆ ತಕ್ಕುದು. 304 ದರ್ಜೆಯ ಮೇಲೆ ಕಡಲ ಗಾಳಿಗೆ ಕಂದು ಕಲೆಗಳು ಮೂಡುತ್ತವೆ. ಒಟ್ಟು ವೆಚ್ಚದಲ್ಲಿ ಸ್ಕ್ರೂಗಳ ಪಾಲು ಎಷ್ಟು ಅಲ್ಪವೆಂದರೆ ಇದರಲ್ಲಿ ಚೌಕಾಶಿ ಮಾಡುವುದು ಅರ್ಥವಿಲ್ಲದ ಮಾತು. ಸಂದು ಮುಚ್ಚುವ ಸಿಲಿಕೋನ್‌ನಲ್ಲಿಯೂ ಎರಡು ಬಗೆ. ವಿನೆಗರ್ ವಾಸನೆಯದು ಅಗ್ಗ, ಆದರೆ ಸಿಮೆಂಟಿಗೆ ಸರಿಯಾಗಿ ಅಂಟುವುದಿಲ್ಲ, ಲೋಹವನ್ನೂ ಕೆಡಿಸುತ್ತದೆ. ‘ನ್ಯೂಟ್ರಲ್’ ಎಂದು ಮುದ್ರಿತವಾದುದನ್ನೇ ಬಳಸಬೇಕು.

ಗಾಜಿನ ವಿಷಯದಲ್ಲಿ ವಿಜೃಂಭಣೆಗಿಂತ ವಿವೇಕ ಮುಖ್ಯ. ಭಾರತೀಯ ಮಾನಕ 875ರ ಪ್ರಕಾರ ಮಂಗಳೂರಿನ ವಿನ್ಯಾಸಕ್ಕೆ ಮೂಲ ಗಾಳಿವೇಗ ಸೆಕೆಂಡಿಗೆ 39 ಮೀಟರ್. ಅದು ನಾಲ್ಕಡಿ ಉದ್ದಗಲದ ಕಿಟಕಿಯ ಮೇಲೆ ಸುಮಾರು 135 ಕಿಲೋಗ್ರಾಂ ಭಾರ ಹೇರಿದಂತೆ. ಜನ ಓಡಾಡುವ ಕಡೆಯ ದೊಡ್ಡ ಗಾಜಿಗೆ ಟಫನ್ಡ್ ಅಥವಾ ಲ್ಯಾಮಿನೇಟೆಡ್ ಗಾಜೇ ಬೇಕು. ಐಎಸ್ 2553ರ ಗುರುತು ನೋಡಿ ಪಡೆಯಬೇಕು. ಮೊದಲನೆಯದು ಒಡೆದರೆ ಮೊಂಡು ಹರಳುಗಳಾಗಿ ಉದುರುತ್ತದೆ, ಎರಡನೆಯದು ಒಡೆದರೂ ಪದರಕ್ಕೆ ಅಂಟಿಕೊಂಡಿರುತ್ತದೆ. ಇನ್ನು ಜೋಡಿ ಗಾಜು: ಹವಾನಿಯಂತ್ರಿತ ಕೊಠಡಿಗೆ ಇದೇ ಪರಿಹಾರವೆಂಬ ಪ್ರಚಾರ ಜೋರಾಗಿದೆ. ಪಡುವಣ ಬಿಸಿಲಿನ ಶಾಖವನ್ನು ಎರಡು ಸಾದಾ ಗಾಜುಗಳು ಅಷ್ಟಾಗಿ ತಡೆಯಲಾರವು. ಬಿಸಿಲು ತಡೆಯುವ ಲೇಪನದ ಒಂದೇ ಗಾಜು ಅಥವಾ ಹೊರಗಿನ ನೆರಳು ಹೆಚ್ಚು ಫಲ ನೀಡುತ್ತದೆ. 2020ರ ಏಪ್ರಿಲ್‌ನಲ್ಲಿ ಸೆಂಟ್ರಲ್ ಮಾರ್ಕೆಟ್‌ನ ಸಗಟು ವ್ಯಾಪಾರ ಬೈಕಂಪಾಡಿಯ ಎಪಿಎಂಸಿ ಪ್ರಾಂಗಣಕ್ಕೆ ಸ್ಥಳಾಂತರಗೊಂಡಿತು. ಅಂತಹ ಹಣ್ಣು-ತರಕಾರಿ ದಾಸ್ತಾನಿಗಂತೂ ಗಾಜಿಗಿಂತ ಜಾಲರಿ ಸಹಿತವಾದ ಓರೆಪಟ್ಟಿಯ ಗವಾಕ್ಷಿಗಳೇ ಬೇಕು.

ಬಾಗಿಲುಗಳ ಬಗ್ಗೆ ಒಂದು ಮಾತು. ರೋಲಿಂಗ್ ಶಟರ್ ಸರಕಿಗೆ ಸರಿ, ತುರ್ತು ನಿರ್ಗಮನಕ್ಕೆ ಅಲ್ಲ. ವಿದ್ಯುತ್ ಹೋದಾಗ, ಹೊಗೆ ತುಂಬಿದಾಗ ಕಾರ್ಮಿಕರು ತಳ್ಳಿದೊಡನೆ ಹೊರಕ್ಕೆ ತೆರೆದುಕೊಳ್ಳುವ ಬಾಗಿಲೊಂದು ಪ್ರತ್ಯೇಕವಾಗಿ ಇರಲೇಬೇಕು.

ತೆರಿಗೆಯನ್ನೂ ಮೊದಲೇ ವಿಚಾರಿಸಿಕೊಳ್ಳುವುದು ಒಳಿತು. ಕೇಂದ್ರ ಜಿಎಸ್‌ಟಿ ಕಾಯಿದೆಯ 17(5)ನೇ ಕಲಂ ಪ್ರಕಾರ, ನವೀಕರಣ ಮತ್ತು ದುರಸ್ತಿಯ ವೆಚ್ಚವನ್ನು ಕಟ್ಟಡದ ಬಂಡವಾಳಕ್ಕೆ ಸೇರಿಸಿದ ಮಟ್ಟಿಗೆ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ. ಹಾಳಾದ ಕಿಟಕಿಗಳ ಸಾಮಾನ್ಯ ದುರಸ್ತಿಯನ್ನು ಚಾಲ್ತಿ ವೆಚ್ಚವಾಗಿ ತೋರಿಸಲು ಸಾಧ್ಯವೇ ಎಂಬುದನ್ನು ಲೆಕ್ಕಪರಿಶೋಧಕರು ಬಿಲ್ಲು ಬರುವ ಮುನ್ನವೇ ಹೇಳಬೇಕು.

ಟಫನ್ಡ್ ಗಾಜನ್ನು ಒಮ್ಮೆ ಕಾಯಿಸಿ ಗಟ್ಟಿಗೊಳಿಸಿದ ಮೇಲೆ ಕತ್ತರಿಸಲಾಗದು. ಹಳೆಯ ಗೋಡೆಯ ತೆರಪುಗಳೋ ಒಂದರಂತೆ ಒಂದಿರುವುದಿಲ್ಲ. ಆದ್ದರಿಂದ ಪ್ರತಿಯೊಂದನ್ನೂ ಅಳೆದು, ಜನವರಿಯಲ್ಲೇ ಬೇಡಿಕೆ ಸಲ್ಲಿಸಿದರೆ ಮೇ ಮಧ್ಯದೊಳಗೆ ಕೆಲಸ ಮುಗಿಯುತ್ತದೆ. ಮೊದಲ ಕಿಟಕಿ ಕೂರಿಸಿದ ದಿನವೇ ಹೊರಗಿನಿಂದ ಕಾಲುಗಂಟೆ ಪೈಪಿನಲ್ಲಿ ನೀರು ಹೊಡೆದು ಪರೀಕ್ಷಿಸಿ, ಹನಿ ಒಳಬಾರದಿದ್ದರೆ ಮಾತ್ರ ಉಳಿದವುಗಳಿಗೆ ಒಪ್ಪಿಗೆ ನೀಡತಕ್ಕದ್ದು. ಹಣದ ಕೊನೆಯ ಕಂತನ್ನು ಜುಲೈ ಅಂತ್ಯಕ್ಕೆ ಎಂದು ಕರಾರಿನಲ್ಲಿ ಮೊದಲೇ ಬರೆಸಿಕೊಂಡಿರಬೇಕು.