ಮಗುವಿನ ಗಾಡಿಗೆ ಮೂರೇ ಗಾಲಿ

ಯುಗಾದಿಗೋ ಸಂಕ್ರಾಂತಿಗೋ ಬೆಂಗಳೂರಿನಿಂದ ಗೌನಿಪಲ್ಲಿಗೆ ಬಂದಿಳಿಯುವ ಕಾರುಗಳ ಡಿಕ್ಕಿಯಲ್ಲಿ ಬಟ್ಟೆಬರೆಯ ಚೀಲಗಳ ಜೊತೆಗೆ ಈಗೀಗ ಮಡಚಿಟ್ಟ ಮಗುವಿನ ಗಾಡಿಯೂ ಇರುತ್ತದೆ. ಅಪಾರ್ಟ್‌ಮೆಂಟಿನ ಟೈಲ್ಸ್ ಮೇಲೆ ಒಂದೇ ಕೈಯಲ್ಲಿ ಸಾಗುತ್ತಿದ್ದ ಗಾಡಿ ಅದು. ಊರಿನ ಓಣಿಗಿಳಿಸಿದರೆ ಹತ್ತು ಹೆಜ್ಜೆಗೇ ನಿಲ್ಲುತ್ತದೆ. ಅಂಗೈಯಗಲದ ಪ್ಲಾಸ್ಟಿಕ್ ಗಾಲಿಗಳು ಮಣ್ಣಿನಲ್ಲಿ ಹೂತುಕೊಳ್ಳುತ್ತವೆ, ಚರಂಡಿ ಚಪ್ಪಡಿಯ ಸಂದಿಗೆ ಸಿಕ್ಕಿಕೊಳ್ಳುತ್ತವೆ, ಮುಂದಿನವೆರಡು ಒಂದೊಂದು ದಿಕ್ಕಿಗೆ ತಿರುಗಿ ನಿಲ್ಲುತ್ತವೆ. ಮಗು ಅಜ್ಜಿಯ ಸೊಂಟ ಏರುತ್ತದೆ, ಗಾಡಿ ಜಗಲಿಯ ಮೂಲೆ ಸೇರುತ್ತದೆ. ಅಂಗಡಿಯ ನುಣುಪು ನೆಲದ ಮೇಲೆ ತಳ್ಳಿ ನೋಡಿ ಕೊಂಡ ಗಾಡಿಗೆ ಶ್ರೀನಿವಾಸಪುರ ತಾಲ್ಲೂಕಿನ ಕೆಂಪು ಮಣ್ಣು, ಬಂಡೆಗಲ್ಲು, ಮಾವಿನ ತೋಪಿನ ಬದುಗಳು ಒಗ್ಗುವುದು ಹೇಗೆ?

ಈ ನೆಲಕ್ಕೆ ಒಗ್ಗುವ ಗಾಡಿ ಬೇಕೆಂದರೆ ಮೂರು ಗಾಲಿಯದನ್ನು ನೋಡಬೇಕು. ಅದು ಇಂಥದೇ ಒರಟು ದಾರಿಗಳಿಗಾಗಿ, ಅವುಗಳ ಮೇಲೆ ಮಗುವನ್ನು ಕರೆದೊಯ್ಯಬೇಕಾದವರ ಹಟದಿಂದ ರೂಪುಗೊಂಡದ್ದು.

ಹಾಗೆ ನೋಡಿದರೆ ನಮ್ಮ ಕಡೆಗೆ ಮೂರು ಗಾಲಿ ಹೊಸದೇನಲ್ಲ. ಆಂಧ್ರದ ಗಡಿಗೆ ಅಂಟಿಕೊಂಡಿರುವ, ಕನ್ನಡ ತೆಲುಗು ಎರಡೂ ಒಂದೇ ಉಸಿರಿನಲ್ಲಿ ಬರುವ ಈ ಸೀಮೆಯ ಮನೆಗಳಲ್ಲಿ ಮಗುವಿನ ಪ್ರತಿ ಹಂತಕ್ಕೂ ಒಂದು ತಿಂಡಿಯಿದೆ. ಬೋರಲು ಬಿದ್ದರೆ ಒಬ್ಬಟ್ಟು, ಹೆಜ್ಜೆಯಿಟ್ಟರೆ ಕಜ್ಜಾಯ. ಆ ಒಬ್ಬಟ್ಟಿಗೂ ಕಜ್ಜಾಯಕ್ಕೂ ನಡುವೆ ಬರುತ್ತಿದ್ದದ್ದು ಆಚಾರಿ ಮಾಡಿಕೊಡುತ್ತಿದ್ದ ಮರದ ಗಾಡಿ. ಹಿಂದೆ ಎರಡು ಗಾಲಿ, ಮುಂದೆ ಒಂದು, ನಡುವೆ ಏಣಿಯ ತುಂಡಿನಂತೆ ಎದ್ದು ನಿಂತ ಚೌಕಟ್ಟು, ಅದರ ತುದಿಯಲ್ಲಿ ಮಗುವಿನ ಎದೆಮಟ್ಟಕ್ಕೆ ಒಂದು ಹಿಡಿ. ಮಗು ಇದರಲ್ಲಿ ಕೂರುವುದಿಲ್ಲ. ಹಿಡಿಯನ್ನು ಹಿಡಿದು ಎದ್ದು ನಿಲ್ಲುತ್ತದೆ, ತಳ್ಳುತ್ತದೆ, ಗಾಡಿಯ ಹಿಂದೆ ಹೆಜ್ಜೆ ಹಾಕುತ್ತದೆ. ತಮಿಳರು ಇದನ್ನೇ ನಡೈವಂಡಿ ಎನ್ನುತ್ತಾರೆ. ಚನ್ನಪಟ್ಟಣದ ಕುಶಲಕರ್ಮಿಗಳು ಹಾಲೆ ಮರವನ್ನು ಚರಕಿಗೆ ಕೊಟ್ಟು, ಅರಗಿನ ಬಣ್ಣ ಹತ್ತಿಸಿ ಮಾಡುವ ಆಟಿಕೆಗಳ ಸಾಲಿನಲ್ಲೂ ಈ ಗಾಡಿಗೆ ಜಾಗವಿದೆ.

ಮೂರೇ ಗಾಲಿ ಯಾಕೆ? ಮೂರು ಕಲ್ಲಿನ ಒಲೆ ಯಾವ ನೆಲದ ಮೇಲಿಟ್ಟರೂ ಪಾತ್ರೆ ಅಲುಗಾಡದ ಕಾರಣವೇ ಇಲ್ಲೂ. ಮೂರು ಬಿಂದುಗಳು ಯಾವಾಗಲೂ ಒಂದೇ ಸಮತಲದಲ್ಲಿರುತ್ತವೆ. ನಾಲ್ಕು ಗಾಲಿಯ ಗಟ್ಟಿ ಚೌಕಟ್ಟನ್ನು ಸೆಗಣಿ ಸಾರಿಸಿದ ಏರುತಗ್ಗಿನ ನೆಲದ ಮೇಲಿಟ್ಟರೆ ಒಂದು ಗಾಲಿ ಗಾಳಿಯಲ್ಲಿ ನಿಲ್ಲುತ್ತದೆ, ಗಾಡಿ ಕುಂಟುತ್ತದೆ. ಮೂರು ಗಾಲಿಯದು ಕುಂಟುವುದಿಲ್ಲ. ಆಚಾರಿಗೆ ಒಂದು ಗಾಲಿಯ ಮರವೂ ಉಳಿಯಿತು.

ಆ ಮರದ ಗಾಡಿಗೆ ಎರಡು ತೊಡಕುಗಳಿದ್ದವು. ಅದನ್ನು ತಳ್ಳಿದ ಮಗುವನ್ನು ನೋಡಿದವರಿಗೆಲ್ಲ ಇವು ಗೊತ್ತು. ಒಂದು, ಹಗುರವಾದ ಗಾಡಿ ಮಗುವಿಗಿಂತ ಮುಂದೆ ಓಡುತ್ತದೆ, ಮಗು ಮುಗ್ಗರಿಸುತ್ತದೆ. ಇದಕ್ಕೆ ಹಿರಿಯರ ಮದ್ದು ಸರಳ: ಗಾಡಿಯ ಮೇಲೆ ಸ್ವಲ್ಪ ಭಾರ ಕಟ್ಟುವುದು, ಇಲ್ಲವೇ ಅಚ್ಚಿಗೆ ಬಟ್ಟೆ ಸುತ್ತಿ ಗಾಲಿಯನ್ನು ಬಿಗಿ ಮಾಡುವುದು. ಇನ್ನೊಂದು, ಮುಂದಿನ ಗಾಲಿ ತಿರುಗುವುದಿಲ್ಲ. ಗಾಡಿ ನೇರ ಹೋಗಿ ಗೋಡೆಗೆ ಮುಟ್ಟುತ್ತದೆ, ಮಗು ಅಲ್ಲೇ ನಿಂತು ಅಳುತ್ತದೆ, ಯಾರಾದರೂ ಬಂದು ಎತ್ತಿ ತಿರುಗಿಸಿಕೊಡಬೇಕು. ಇಂದು ಮೂರು ಗಾಲಿಯ ತಳ್ಳುಗಾಡಿ ಕೊಳ್ಳುವವರ ಮುಂದಿರುವ ಅತಿ ದೊಡ್ಡ ಪ್ರಶ್ನೆಯೂ ಮುಂದಿನ ಗಾಲಿ ತಿರುಗಬೇಕೇ ಬೇಡವೇ ಎಂಬುದೇ. ಹಾಗಾಗಿ ಈ ಮುಂದಿನ ಗಾಲಿಯನ್ನು ನೆನಪಿನಲ್ಲಿಡಿ.

ಇನ್ನು ಮಗುವನ್ನು ಕೂರಿಸಿ ದೊಡ್ಡವರು ತಳ್ಳುವ ಗಾಡಿ. ಅದು ಅರಮನೆಯಿಂದ ಬಂದದ್ದು. 1733ರಲ್ಲಿ ಇಂಗ್ಲೆಂಡಿನ ವಿಲಿಯಂ ಕೆಂಟ್ ಎಂಬ ವಾಸ್ತುಶಿಲ್ಪಿ ಡೆವನ್‌ಶೈರಿನ ಡ್ಯೂಕ್‌ನ ಮಕ್ಕಳಿಗಾಗಿ ಚಿಪ್ಪಿನಾಕಾರದ ಗಾಡಿಯೊಂದನ್ನು ಮಾಡಿಕೊಟ್ಟ. ಅದನ್ನು ತಳ್ಳುತ್ತಿರಲಿಲ್ಲ, ಆಡೋ ಪುಟ್ಟ ಕುದುರೆಯೋ ಎಳೆಯುತ್ತಿತ್ತು. ಹಿಂದಿನಿಂದ ತಳ್ಳುವ ಗಾಡಿ ಜನಪ್ರಿಯವಾಗಲು ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಲಂಡನ್ನಿನ ಚಾರ್ಲ್ಸ್ ಬರ್ಟನ್ 1853ರಲ್ಲಿ ಪೇಟೆಂಟ್ ಪಡೆದ ಪೆರಾಂಬುಲೇಟರಿಗೆ ಇದ್ದದ್ದೂ ಮೂರೇ ಗಾಲಿ: ಹಿಂದೆ ಎರಡು ದೊಡ್ಡವು, ಮುಂದೆ ಒಂದು ಸಣ್ಣದು. ನಾಲ್ಕು ಗಾಲಿಯ, ತೊಟ್ಟಿಲಿನಂಥ ಪ್ರಾಮ್ ಬಂದದ್ದು ಆಮೇಲೆ. ಇವತ್ತು ಹೊಸ ಫ್ಯಾಷನ್ ಎಂದು ಮಾರುವ ಮೂರು ಗಾಲಿ, ತಳ್ಳುಗಾಡಿಯ ಹಳೆಯ ರೂಪಗಳಲ್ಲೇ ಒಂದು.

ಈ ಕಥೆಯಲ್ಲಿ ನನಗೆ ತುಂಬ ಇಷ್ಟವಾದದ್ದು ಬೆಲ್‌ಫಾಸ್ಟಿನ ಅಧ್ಯಾಯ. ಅಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಎಂಬ ಪಶುವೈದ್ಯರಿದ್ದರು. ಅವರ ಪುಟ್ಟ ಮಗನಿಗೆ ಒಂದು ಮೂರು ಗಾಲಿಯ ಸೈಕಲ್ ಇತ್ತು. ಗಾಲಿಗೆ ಗಟ್ಟಿ ರಬ್ಬರ್, ಬೀದಿಗೆ ಹಾಸುಗಲ್ಲು. ಸವಾರಿಯೆಂದರೆ ಮಗುವಿನ ಮೈಯೆಲ್ಲ ಕುಲುಕಾಟ. ತಂದೆ ತೆಳು ರಬ್ಬರಿನ ಕೊಳವೆ ಮಾಡಿ, ಅದರಲ್ಲಿ ಗಾಳಿ ತುಂಬಿ, ಬಟ್ಟೆ ಸುತ್ತಿ ಮರದ ಬಿಲ್ಲೆಯೊಂದಕ್ಕೆ ಕಟ್ಟಿದರು. ಸೈಕಲ್ಲಿನ ಹಳೆಯ ಗಾಲಿಯನ್ನೂ ಈ ಹೊಸದನ್ನೂ ಅಂಗಳದಲ್ಲಿ ಉರುಳಿಸಿ ನೋಡಿದರು. ಹಳೆಯದು ದಾರಿಯಲ್ಲೇ ಮಲಗಿತು, ಗಾಳಿ ತುಂಬಿದ್ದು ಅಂಗಳದ ಆಚೆ ತುದಿ ಮುಟ್ಟಿತು. 1888ರಲ್ಲಿ ಅವರಿಗೆ ಪೇಟೆಂಟ್ ಸಿಕ್ಕಿತು. ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲೇ ಇದೇ ಉಪಾಯಕ್ಕೆ ಪೇಟೆಂಟ್ ಪಡೆದಿದ್ದರೆಂದು ತಿಳಿದ ಮೇಲೆ ಅದು ಬಿದ್ದುಹೋಯಿತು. ಆದರೆ ಜಗತ್ತಿನ ರಸ್ತೆಗೆ ಗಾಳಿಟೈರನ್ನು ತಂದದ್ದು ಡನ್‌ಲಪ್. ಇಂದು ಲಾರಿಗಟ್ಟಲೆ ಶ್ರೀನಿವಾಸಪುರದ ಮಾವು, ಕೋಲಾರದ ಟೊಮೆಟೊ ದೇಶದುದ್ದಕ್ಕೂ ಉರುಳುತ್ತಿರುವುದು ಒಂದು ಮಗುವಿನ ಮೂರು ಗಾಲಿಯ ಸೈಕಲ್ಲಿಗಾಗಿ ಶುರುವಾದ ಕೆಲಸದ ಮೇಲೆ.

ಗಾಡಿಯನ್ನು ಹಗುರ ಮಾಡಿದವರು ಓವನ್ ಮ್ಯಾಕ್ಲಾರೆನ್. ಸ್ಪಿಟ್‌ಫೈರ್ ಯುದ್ಧವಿಮಾನದ ಮಡಚುವ ಗಾಲಿಗಳ ಮೇಲೆ ಕೆಲಸ ಮಾಡಿದ್ದ ಎಂಜಿನಿಯರ್. ಮೊಮ್ಮಗುವಿನೊಂದಿಗೆ ವಿಮಾನವೇರಿ ಬಂದ ಮಗಳು ಭಾರದ ಗಾಡಿಯೊಡನೆ ಒದ್ದಾಡಿದ್ದನ್ನು ಕಂಡು, 1965ರಲ್ಲಿ ಅಲ್ಯೂಮಿನಿಯಂ ಕೊಳವೆಗಳ, ಕೊಡೆಯಂತೆ ಮಡಚುವ ಗಾಡಿ ರೂಪಿಸಿದರು. ತೂಕ ಮೂರು ಕಿಲೋ ಒಳಗೆ. ನಮ್ಮ ಅಂಗಡಿಗಳಲ್ಲಿ ಇಂದು ಸಿಗುವ ಅಗ್ಗದ ಗಾಡಿಗಳೆಲ್ಲ ಅದರ ವಂಶದವು. ವಿಮಾನ ನಿಲ್ದಾಣಕ್ಕೆ ಅದಕ್ಕಿಂತ ಒಳ್ಳೆಯ ಗಾಡಿಯಿಲ್ಲ. ಗೌನಿಪಲ್ಲಿಯ ಜಗಲಿಯ ಮೂಲೆ ಸೇರಿದ್ದೂ ಅದೇ.

ದೊಡ್ಡ ಗಾಲಿ ಮತ್ತೆ ಬಂದದ್ದು ಓಡುವ ಅಪ್ಪನೊಬ್ಬನಿಂದ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಯಾಕಿಮಾ ಎಂಬ ಊರಿನ ಪತ್ರಕರ್ತ ಫಿಲ್ ಬೇಕ್ಲರ್‌ಗೆ ಓಟದ ಹುಚ್ಚು. ಮಗುವನ್ನು ನೋಡಿಕೊಳ್ಳುವ ಸರದಿಯೂ ತನ್ನದೇ. ಓಟ ಬಿಡುವಂತಿಲ್ಲ, ಮಗುವನ್ನೂ ಬಿಡುವಂತಿಲ್ಲ. ಹಳೆಯ ತಳ್ಳುಗಾಡಿಯೊಂದಕ್ಕೆ ಸೈಕಲ್ ಗಾಲಿಗಳನ್ನು ಜೋಡಿಸಿದ. 1984ರ ಸುಮಾರಿಗೆ ಅದೇ ‘ಬೇಬಿ ಜಾಗರ್’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಎರಡು ದೊಡ್ಡ ಗಾಲಿ ಹಿಂದೆ, ಒಂದು ಮುಂದೆ, ಮುಂದಿನದು ತಿರುಗದು. ಗಾಳಿಟೈರು, ಅಲ್ಯೂಮಿನಿಯಂ ಬಿಟ್ಟರೆ ನಮ್ಮ ಆಚಾರಿಯ ಗಾಡಿಯ ಲೆಕ್ಕಾಚಾರವೇ. ತಿರುಗಿಸಲು ಹಿಡಿಯನ್ನು ಕೆಳಕ್ಕೊತ್ತಿ, ಮುಂದಿನ ಗಾಲಿಯನ್ನು ಎತ್ತಿ, ಹಿಂದಿನವುಗಳ ಮೇಲೆ ಹೊರಳಿಸಬೇಕು.

ಓಡುವಾಗ ಈ ತಿರುಗದ ಗಾಲಿಯೇ ಕಾಪಾಡುತ್ತದೆ. ಸುತ್ತ ತಿರುಗುವ ಗಾಲಿ ವೇಗದಲ್ಲಿ ಅದುರತೊಡಗುತ್ತದೆ, ಒಂದು ಹರಳು ಸಿಕ್ಕರೂ ಅಡ್ಡ ತಿರುಗಿ ಗಾಡಿಯನ್ನು ಮಗುಚಬಹುದು. ಆದರೆ ಸಂತೆಯ ಇಕ್ಕಟ್ಟಿನಲ್ಲಿ, ಮನೆಯೊಳಗೆ, ತಿರುಗದ ಗಾಲಿ ಶುದ್ಧ ತಲೆನೋವು. ಅದಕ್ಕೇ ಈಗಿನ ಒಳ್ಳೆಯ ಗಾಡಿಗಳಲ್ಲಿ ಬೇಕೆಂದಾಗ ತಿರುಗುವ, ಬೇಡವೆಂದಾಗ ಬೀಗ ಬೀಳುವ ಮುಂಗಾಲಿ ಇರುತ್ತದೆ. ನಮ್ಮ ಕಡೆಗೆ ಕೊಳ್ಳುವವರು ಇದೊಂದನ್ನು ಮಾತ್ರ ಬಿಟ್ಟುಕೊಡಬಾರದು. ತೋಪಿನ ಕಾಲುದಾರಿಯಲ್ಲಿ ಬೀಗ ಹಾಕಿ, ಮನೆಯ ನಡುವಿನಲ್ಲಿ ಬೀಗ ತೆಗೆಯಿರಿ.

ಗಾಲಿಯ ಗಾತ್ರ ಎಷ್ಟು ಮುಖ್ಯವೆಂಬುದಕ್ಕೆ ಒಂದು ಲೆಕ್ಕ. ದಾರಿಯಲ್ಲಿ 5 ಸೆಂಟಿಮೀಟರ್ ಎತ್ತರದ ಕಲ್ಲು ಅಡ್ಡ ಬಂತೆನ್ನಿ. 15 ಸೆಂಟಿಮೀಟರ್ ವ್ಯಾಸದ ಪ್ಲಾಸ್ಟಿಕ್ ಗಾಲಿಯನ್ನು ಅದರ ಮೇಲೆ ಹತ್ತಿಸಲು, ಆ ಗಾಲಿಯ ಮೇಲೆ ಬಿದ್ದಿರುವ ಭಾರದ ಸುಮಾರು 2.8 ಪಟ್ಟು ಬಲ ಬೇಕು. 40 ಸೆಂಟಿಮೀಟರಿನ, ಅಂದರೆ 16 ಇಂಚಿನ ಗಾಲಿಗೆ 0.9 ಪಟ್ಟು ಸಾಕು. ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ಅಜ್ಜಿಯರೂ ತಳ್ಳಬೇಕಾದ ಗಾಡಿಯಾದರೆ ಈ ಅಂತರ ಸಣ್ಣದಲ್ಲ.

ಗಾಳಿಟೈರಿಗೆ ನಮ್ಮಲ್ಲಿ ಶತ್ರುಗಳೂ ಹೆಚ್ಚು. ಜಾಲಿಮುಳ್ಳು ಬೇಲಿಯಿಂದ ದಾರಿಗೆ ಬೀಳುತ್ತದೆ, ನೆಗ್ಗಿಲು ನೆಲದಲ್ಲೇ ಹಬ್ಬಿ ಕಾಯುತ್ತದೆ. ಆದರೆ ಪಂಕ್ಚರ್ ಹಾಕುವ ಸೈಕಲ್ ಅಂಗಡಿ ಇಲ್ಲದ ಊರು ಯಾವುದು? ಮಕ್ಕಳ ಸೈಕಲ್ಲಿನ 12, 16 ಇಂಚಿನ ಟ್ಯೂಬ್‌ಗಳು ಎಲ್ಲೆಡೆ ಸಿಗುತ್ತವೆ. ವಿದೇಶದಿಂದ ತಂದ ಗಾಡಿಗೆ ವಿಚಿತ್ರ ಅಳತೆಯ ಟ್ಯೂಬ್ ಇದ್ದರೆ ಮಾತ್ರ ಕಷ್ಟ. ಗಾಳಿಯಿಲ್ಲದ ಫೋಮ್ ತುಂಬಿದ ಟೈರಿಗೆ ಮುಳ್ಳಿನ ಭಯವಿಲ್ಲ, ಮೆತ್ತನೆ ಸ್ವಲ್ಪ ಕಡಿಮೆ. ದಿನವೂ ಹೊಲದ ದಾರಿ ತುಳಿಯುವವರಿಗೆ ಅದೇ ವಾಸಿಯೆನ್ನಿಸುತ್ತದೆ.

ಮೂರು ಗಾಲಿ ಕುಂಟುವುದಿಲ್ಲ, ನಿಜ. ಪಕ್ಕಕ್ಕೆ ಮಗುಚುವ ವಿಷಯದಲ್ಲಿ ಮಾತ್ರ ನಾಲ್ಕು ಗಾಲಿಯೇ ಭದ್ರ. ಮುಂದೆ ಒಂದೇ ಆಸರೆ ಇರುವುದರಿಂದ ಇಳಿಜಾರನ್ನು ಅಡ್ಡಲಾಗಿ ದಾಟುವಾಗ, ವೇಗದಲ್ಲಿ ತಟ್ಟನೆ ತಿರುಗಿಸುವಾಗ ಗಾಡಿ ಮುಂಬದಿಯ ಮೂಲೆಗೆ ವಾಲುತ್ತದೆ. ಹಿಂದಿನ ಗಾಲಿಗಳ ನಡುವಿನ ಅಗಲ ಹೆಚ್ಚಿರಬೇಕು, ಮಗು ಕೂರುವ ಜಾಗ ನೆಲಕ್ಕೆ ಹತ್ತಿರವಿರಬೇಕು. ಸಂತೆಯ ಚೀಲವನ್ನು ಹಿಡಿಗೆ ನೇತುಹಾಕಿದರೆ, ಮಗುವನ್ನು ಎತ್ತಿಕೊಂಡ ಕ್ಷಣ ಗಾಡಿ ಹಿಂದಕ್ಕೆ ಬೀಳುತ್ತದೆ. ಇನ್ನೂ ಕೆಟ್ಟದ್ದೆಂದರೆ ಮಗು ಅದರಲ್ಲಿರುವಾಗಲೇ ಬೀಳಬಹುದು. ಭುಜ, ಸೊಂಟ, ತೊಡೆಸಂದು ಮೂರನ್ನೂ ಹಿಡಿಯುವ ಐದು ಕೊಂಡಿಯ ಪಟ್ಟಿ, ಕಾಲಿನಿಂದ ಒತ್ತುವ ಬ್ರೇಕು, ತಳ್ಳುವವರ ಮಣಿಕಟ್ಟಿಗೆ ಕಟ್ಟುವ ದಾರ ಇರಲೇಬೇಕು. ನಮ್ಮ ದಿಣ್ಣೆಗಳಲ್ಲಿ ಗಾಡಿ ಕೈತಪ್ಪಲು ಒಂದು ಗಳಿಗೆ ಸಾಕು.

ಎಳೆಯ ಕೂಸಿಗೆ ಬೆನ್ನು ಪೂರ್ತಿ ಒರಗುವ ಆಸನ ಬೇಕು. ಕುತ್ತಿಗೆ ಗಟ್ಟಿಯಾಗದ ಮಗುವನ್ನು ಗಾಡಿಯಲ್ಲಿ ಕೂರಿಸಿ ಓಡುವುದು ಸಲ್ಲದು. ಕನಿಷ್ಠ ಆರು ತಿಂಗಳು ತುಂಬಲಿ, ಓಡುವ ಮುನ್ನ ಮಕ್ಕಳ ವೈದ್ಯರನ್ನು ಒಮ್ಮೆ ಕೇಳಿ. ಅಲ್ಲಿಯವರೆಗೆ ನಿಧಾನದ ನಡಿಗೆ, ಇಲ್ಲವೇ ಮಾವಿನ ಕೊಂಬೆಗೆ ಕಟ್ಟಿದ ಸೀರೆಯ ಜೋಲಿ. ತೋಪಿನಲ್ಲಿ ದುಡಿಯುವ ತಾಯಂದಿರು ಎಷ್ಟೋ ತಲೆಮಾರಿನಿಂದ ನಂಬಿದ ಆ ಜೋಲಿಗಿಂತ ಒಳ್ಳೆಯ ತೂಗುವ ತೊಟ್ಟಿಲು ನನಗಂತೂ ಗೊತ್ತಿಲ್ಲ.

ಬಿಸಿಲಿನ ವಿಷಯದಲ್ಲಿ ಒಂದು ಎಚ್ಚರಿಕೆ. ನೆರಳಿಗೆಂದು ಗಾಡಿಯ ಮುಂಭಾಗಕ್ಕೆ ತೆಳುಬಟ್ಟೆ ಇಳಿಬಿಡುವುದು ಎಲ್ಲರ ರೂಢಿ. 2014ರಲ್ಲಿ ಸ್ವೀಡನ್‌ನ ಪತ್ರಿಕೆಯೊಂದು ಬಿಸಿಲಲ್ಲಿ ಗಾಡಿ ನಿಲ್ಲಿಸಿ ಅಳೆದು ನೋಡಿತು. ಬಟ್ಟೆಯಿಲ್ಲದೆ 22 ಡಿಗ್ರಿ ಇದ್ದದ್ದು ತೆಳು ಹೊದಿಕೆ ಹಾಕಿದ ಅರ್ಧ ಗಂಟೆಯಲ್ಲಿ 34, ಒಂದು ಗಂಟೆಯಲ್ಲಿ 37 ಡಿಗ್ರಿ ಆಯಿತು. ಅದು ಸ್ವೀಡನ್‌ನ ಬೇಸಿಗೆ. ಕೋಲಾರದ ಏಪ್ರಿಲ್‌ನಲ್ಲಿ ಏನಾದೀತೆಂದು ಬಿಡಿಸಿ ಹೇಳಬೇಕಿಲ್ಲ. ಗಾಡಿಗೆ ಅಗಲವಾದ ಮೇಲ್ಛಾವಣಿ, ಪಕ್ಕದಲ್ಲಿ ಗಾಳಿಯಾಡುವ ಜಾಲರಿ ಇರುವುದನ್ನೇ ಆರಿಸಿ.

ಇಷ್ಟೆಲ್ಲ ಹೇಳುವಾಗ ಮನಸ್ಸನ್ನು ಕೊರೆಯುವುದು ಇನ್ನೊಂದು ಸಂಗತಿ. ಆಚಾರಿಯ ಮರದ ಗಾಡಿಯ ಜಾಗಕ್ಕೆ ನಮ್ಮ ಮನೆಗಳಿಗೆ ಬಂದು ಕೂತಿರುವುದು ತಳ್ಳುಗಾಡಿಯಲ್ಲ, ಪ್ಲಾಸ್ಟಿಕ್ಕಿನ ದುಂಡು ‘ವಾಕರ್’. ಮಗುವನ್ನು ನಡುವೆ ಇಳಿಬಿಟ್ಟರೆ ಕಾಲಿನಿಂದ ಒದ್ದು ಮನೆಯೆಲ್ಲ ತೇಲಾಡುತ್ತದೆ. ಬೇಗ ನಡೆಯುತ್ತದೆಂಬ ನಂಬಿಕೆಯಿಂದ ಕೊಳ್ಳುತ್ತಾರೆ. ಆಗುವುದು ತಿರುಗುಮುರುಗು. 1999ರಲ್ಲಿ ಪ್ರಕಟವಾದ, 109 ಮಕ್ಕಳ ಮೇಲಿನ ಅಮೆರಿಕದ ಅಧ್ಯಯನವೊಂದರಲ್ಲಿ ವಾಕರಿನ ಮಕ್ಕಳು ಕೂತದ್ದೂ, ಅಂಬೆಗಾಲಿಟ್ಟದ್ದೂ, ನಡೆದದ್ದೂ ಉಳಿದವರಿಗಿಂತ ತಡವಾಗಿಯೇ. 1990ರಿಂದ 2014ರವರೆಗೆ ಆ ದೇಶದಲ್ಲಿ ವಾಕರಿನಿಂದ ಪೆಟ್ಟಾಗಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಬಂದ ಹಸುಳೆಗಳು ಸುಮಾರು 2.3 ಲಕ್ಷ. ನಾಲ್ವರಲ್ಲಿ ಮೂವರು ಮೆಟ್ಟಿಲಿನಿಂದ ಉರುಳಿದವರು. ಕೆನಡಾ 2004ರಲ್ಲಿ ಇದರ ಮಾರಾಟವನ್ನೇ ನಿಷೇಧಿಸಿತು. ಜಗಲಿಗೆ ಎರಡು ಮೂರು ಮೆಟ್ಟಿಲಿರುವ ನಮ್ಮ ಮನೆಗಳಲ್ಲಿ ಇದು ಇರಬಾರದ ವಸ್ತು. ಮರದ ಗಾಡಿಯಲ್ಲಿ ಮಗು ತನ್ನ ಭಾರವನ್ನು ತಾನೇ ಹೊತ್ತು ನಿಲ್ಲುತ್ತದೆ, ತನ್ನ ಪಾದವನ್ನು ತಾನೇ ನೋಡುತ್ತದೆ. ಅದಕ್ಕೂ ಕಣ್ಗಾವಲು ಬೇಕು, ಆದರೆ ಅದು ಕಲಿಸುವುದು ನಡಿಗೆಯನ್ನೇ.

ಆಚಾರಿಯಿಂದ ಮಾಡಿಸುವವರು ಅಂಚುಗಳನ್ನು ಚೆನ್ನಾಗಿ ಉಜ್ಜಿಸಿ, ಮೊಳೆಯ ಬದಲು ಗೂಟ ಹಾಕಿಸಿ. ಮಗು ಹಿಡಿಯನ್ನು ಕಚ್ಚಿಯೇ ಕಚ್ಚುತ್ತದೆ, ಆದ್ದರಿಂದ ಎನಾಮೆಲ್ ಬಣ್ಣ ಬೇಡ. ಕಾರ್ಖಾನೆಯ ಆಟಿಕೆಗಳಿಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯ. ಭೌಗೋಳಿಕ ಸೂಚಿಕೆ ಪಡೆದ ಚನ್ನಪಟ್ಟಣದಂಥ ಕರಕುಶಲ ಆಟಿಕೆಗಳಿಗೆ ವಿನಾಯಿತಿಯಿದೆ. ಅರಗಿನ ಬಣ್ಣವೆಂದು ಹೇಳಿದ ಮಾತ್ರಕ್ಕೆ ನಂಬದೆ, ಸಸ್ಯಮೂಲದ ಬಣ್ಣವೇ ಎಂದು ಮಾರುವವರನ್ನು ಕೇಳಿ.

ಹೊಸ ಮೂರು ಗಾಲಿಯ ತಳ್ಳುಗಾಡಿಯ ಬೆಲೆ ಎಲ್ಲರ ಕೈಗೆಟುಕುವಂಥದ್ದಲ್ಲ. ಹಾಗಾಗಿ ಹಳ್ಳಿಗೆ ಅದು ಬರುವುದು ಹೆಚ್ಚಾಗಿ ಬಳಸಿದ ಗಾಡಿಯಾಗಿಯೇ, ನೆಂಟರ ಮನೆಯಿಂದ. ಅದರಲ್ಲಿ ನಾಚಿಕೆಯೇನೂ ಇಲ್ಲ. ತೊಟ್ಟಿಲುಗಳೂ ಹೀಗೇ ಮನೆಯಿಂದ ಮನೆಗೆ ಹೋದವು. ಇಸಿದುಕೊಳ್ಳುವ ಮುನ್ನ ಮುಂಗಾಲಿಯನ್ನು ಕೈಯಲ್ಲಿ ಹಿಡಿದು ಅಲುಗಾಡಿಸಿ, ಅದರ ಬೀಗ ಪೂರ್ತಿ ಕೂರುತ್ತದೆಯೇ ನೋಡಿ. ಮಡಚಿ ಬಿಡಿಸಿ, ಕೀಲು ತಾನಾಗಿ ಜಾರುವಂತಿದ್ದರೆ ಬೇಡ. ಬ್ರೇಕು ಹಾಕಿ ದಿಣ್ಣೆಯ ಮೇಲೆ ಖಾಲಿ ಗಾಡಿಯನ್ನೇ ನಿಲ್ಲಿಸಿ ನೋಡಿ. ಪಟ್ಟಿಯ ಹೊಲಿಗೆ ಪಿಸಿದಿದ್ದರೆ ಚಪ್ಪಲಿ ಹೊಲಿಯುವವರಿಂದ ತೇಪೆ ಹಾಕಿಸದೆ ಪಟ್ಟಿಯನ್ನೇ ಬದಲಿಸಿ. ಬಸ್ಸಿನಲ್ಲಿ ಓಡಾಡುವವರಾದರೆ, ಮಡಚಿದ ಗಾಡಿ ಸೀಟುಗಳ ನಡುವೆ ಹಿಡಿಯುತ್ತದೆಯೇ, ಗಾಲಿಗಳು ಕಳಚುತ್ತವೆಯೇ ಎಂಬುದನ್ನು ಅಳೆದುಕೊಳ್ಳಿ. ಟೈರಿನ ಬದಿಯಲ್ಲಿ ಬರೆದಿರುವ ಅಳತೆಯನ್ನು ಗುರುತು ಹಾಕಿಕೊಂಡು, ಮುಳ್ಳು ಚುಚ್ಚುವ ಮೊದಲೇ ಒಂದು ಟ್ಯೂಬ್ ತಂದಿಟ್ಟುಕೊಳ್ಳಿ.