ಕರೆಯಲ್ಲಿ ಓಡುವವನು ಒಬ್ಬನೇ ಅಲ್ಲ

ಬಲಶಾಲಿಯನ್ನು ಕಂಡು ಬೆರಗಾಗುವುದು, ವೇಗಶಾಲಿಯನ್ನು ಕಂಡು ಹಿಗ್ಗುವುದು ಮನುಷ್ಯನ ಸಹಜ ಸ್ವಭಾವ. ಗರಡಿಯ ಮಣ್ಣಿನಲ್ಲಿ ಎಲ್ಲರನ್ನೂ ಚಿತ್ತುಮಾಡಿ ನಿಂತ ಜಟ್ಟಿಯ ಹಿಂದೆ ಊರ ಹುಡುಗರೆಲ್ಲ ನಡೆದುಹೋಗುತ್ತಿದ್ದ ಕಾಲವನ್ನು ಹಿರಿಯರು ಬಲ್ಲರು. ಇಂದಿನ ಮಕ್ಕಳು ದೂರದರ್ಶನದ ಪರದೆಯ ಮೇಲೆ ಎಂದೂ ಸೋಲದ ಮುಷ್ಟಿಯೋಧನ ಚಿತ್ರಕಥೆಯನ್ನು ನೋಡಿ ಹಾಗೆಯೇ ಮೈಮರೆಯುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಮೆಚ್ಚಲು ಬಾರದ ಮನಸ್ಸು ಬೆಳೆಯಲೂ ಬಾರದು. ಆದರೆ ಮೆಚ್ಚುಗೆಗೂ ಒಂದು ಸಂಸ್ಕಾರ ಬೇಕು. ನಾವು ಯಾರನ್ನು ಮೆಚ್ಚುತ್ತಿದ್ದೇವೆ, ಅವನಲ್ಲಿ ಏನನ್ನು ಮೆಚ್ಚುತ್ತಿದ್ದೇವೆ, ಅವನ ಗೆಲುವಿನಲ್ಲಿ ಯಾರ ಯಾರ ಪಾಲಿದೆ ಎಂಬುದನ್ನು ತಿಳಿದು ಮೆಚ್ಚಿದರೆ ಆ ಮೆಚ್ಚುಗೆ ಇಬ್ಬರಿಗೂ ಒಳ್ಳೆಯದು. ಈ ವಿಚಾರವನ್ನು ತೂಗಿನೋಡಲು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಕಂಬಳದ ಕರೆ ತಕ್ಕ ಸ್ಥಳವಾಗಿದೆ.

ಘಟ್ಟದ ಮೇಲಿನ ಓದುಗರಿಗಾಗಿ ಕಂಬಳವನ್ನು ಸಂಕ್ಷೇಪವಾಗಿ ಹೇಳಬೇಕು. ಕೆಸರು ನೀರು ತುಂಬಿದ ಉದ್ದನೆಯ ಓಟದ ಕಣಕ್ಕೆ ಕರೆ ಎಂದು ಹೆಸರು. ಅಕ್ಕಪಕ್ಕದಲ್ಲಿ ಎರಡು ಕರೆಗಳಿದ್ದರೆ ಅದು ಜೋಡುಕರೆ ಕಂಬಳ. ಓಟ ಆರಂಭವಾಗುವ ತುದಿ ಗಂತು. ಕೋಣಗಳು ಬಂದು ಏರುವ ತುದಿ ಮಂಜೊಟ್ಟಿ. ಒಂದು ಜೊತೆ ಕೋಣಗಳ ಹಿಂದೆ ಒಬ್ಬ ಓಟಗಾರ ಬರಿಗಾಲಿನಲ್ಲಿ ಓಡುತ್ತಾನೆ. ಹಗ್ಗ ಹಿರಿಯ, ಹಗ್ಗ ಕಿರಿಯ, ನೇಗಿಲು ಹಿರಿಯ, ನೇಗಿಲು ಕಿರಿಯ, ಅಡ್ಡ ಹಲಗೆ, ಕನೆ ಹಲಗೆ ಎಂದು ವಿಭಾಗಗಳುಂಟು. ಕನೆ ಹಲಗೆಯಲ್ಲಿ ವೇಗಕ್ಕಿಂತಲೂ ಹಲಗೆಯ ರಂಧ್ರದಿಂದ ಚಿಮ್ಮುವ ನೀರು ಮೇಲೆ ಕಟ್ಟಿದ ನಿಶಾನೆಯನ್ನು ಮುಟ್ಟಿತೇ ಎಂಬುದೇ ಮುಖ್ಯ. ಭತ್ತದ ಕೊಯ್ಲು ಮುಗಿದು ಚಳಿ ಹಿಡಿಯುವ ಹೊತ್ತಿಗೆ ಆರಂಭವಾಗುವ ಈ ಕೂಟಗಳು ಬೇಸಗೆಯವರೆಗೆ ವಾರವಾರವೂ ಒಂದೊಂದು ಊರಿನಲ್ಲಿ ನಡೆಯುತ್ತವೆ. ಹಗಲು ಆರಂಭವಾದ ಕೂಟ ವಿದ್ಯುದ್ದೀಪಗಳ ಬೆಳಕಿನಲ್ಲಿ ರಾತ್ರಿಯಿಡೀ ಸಾಗಿ ಮರುದಿನಕ್ಕೆ ಮುಗಿಯುವುದು ಸಾಮಾನ್ಯ. ಜನರು ನಿದ್ದೆಗೆಟ್ಟು ಅಂಚಿನಲ್ಲಿ ನಿಲ್ಲುತ್ತಾರೆ. ತಮ್ಮ ಮೆಚ್ಚಿನ ಓಟಗಾರ ಗಂತಿನಲ್ಲಿ ಕಾಣಿಸಿಕೊಂಡರೆ ಆ ಗುಂಪಿನಲ್ಲಿ ಏಳುವ ಕೂಗು ಕೆಸರಿನ ಸದ್ದನ್ನೂ ಮುಳುಗಿಸುತ್ತದೆ.

ಇಂತಹ ಕೂಗಿಗೆ ಪಾತ್ರರಾದವರಲ್ಲಿ ಮಿಜಾರು ಅಶ್ವತ್ಥಪುರದ ಶ್ರೀನಿವಾಸ ಗೌಡರು ಪ್ರಮುಖರು. ಮೂಡುಬಿದಿರೆಯ ಸಮೀಪದ ಈ ಯುವಕರು ಜೀವನೋಪಾಯಕ್ಕೆ ಕಟ್ಟಡ ಕೆಲಸದ ಕಾರ್ಮಿಕರಾಗಿದ್ದವರು. ಗುಣಪಾಲ ಕಡಂಬರು ಸ್ಥಾಪಿಸಿದ ಕಂಬಳ ಅಕಾಡೆಮಿಯಲ್ಲಿ ತರಬೇತಿ ಪಡೆದವರು. 2020ರ ಫೆಬ್ರವರಿ ತಿಂಗಳ ಮೊದಲ ದಿನ, ಕಿನ್ನಿಗೋಳಿಯ ಬಳಿಯ ಐಕಳದ ಕಂಬಳದಲ್ಲಿ ಅವರು 142.5 ಮೀಟರ್ ಉದ್ದದ ಕರೆಯನ್ನು 13.62 ಸೆಕೆಂಡುಗಳಲ್ಲಿ ಕ್ರಮಿಸಿದರು. ಕರಾವಳಿಯ ಕಂಬಳಪ್ರಿಯರಿಗೆ ಅದು ಸಂತೋಷದ ಸುದ್ದಿ. ಆದರೆ ಯಾರೋ ಲೆಕ್ಕ ಹಾಕಿದರು: ಈ ವೇಗದಲ್ಲಿ 100 ಮೀಟರಿಗೆ ಬೀಳುವ ಕಾಲ 9.55 ಸೆಕೆಂಡು. ಜಮೈಕಾದ ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಸ್ಥಾಪಿಸಿದ ವಿಶ್ವದಾಖಲೆ 9.58 ಸೆಕೆಂಡು. ಇಷ್ಟೇ ಸಾಕಾಯಿತು. ಎರಡು ವಾರಗಳೊಳಗೆ ದೇಶದ ಮೂಲೆಮೂಲೆಗಳಲ್ಲಿ, ಹೊರದೇಶದ ಪತ್ರಿಕೆಗಳಲ್ಲಿಯೂ ಅವರ ಹೆಸರು ಮೊಳಗಿತು. ಉದ್ಯಮಿ ಆನಂದ್ ಮಹೀಂದ್ರಾ ಅವರಿಗೆ ತರಬೇತಿ ಕೊಡಿಸಬೇಕೆಂದರು. ಅಂದಿನ ಕೇಂದ್ರ ಕ್ರೀಡಾ ಸಚಿವ ಕಿರಣ್ ರಿಜಿಜು ಬೆಂಗಳೂರಿನ ಕ್ರೀಡಾ ಪ್ರಾಧಿಕಾರದ ತರಬೇತುದಾರರ ಮುಂದೆ ಪರೀಕ್ಷಾ ಓಟಕ್ಕೆ ಆಹ್ವಾನವಿತ್ತರು. ಅಂದಿನ ಮುಖ್ಯಮಂತ್ರಿ ಬಿ. ಎಸ್. ಯಡಿಯೂರಪ್ಪನವರು ವಿಧಾನಸೌಧಕ್ಕೆ ಕರೆಸಿ 3 ಲಕ್ಷ ರೂಪಾಯಿಗಳ ಗೌರವವನ್ನು ಸಲ್ಲಿಸಿದರು.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಬೋಲ್ಟ್ ಒಂಟಿಯಾಗಿ ಒಣಹಾದಿಯಲ್ಲಿ ಓಡಿದವರು. ಕಂಬಳದ ಓಟಗಾರನ ಮುಂದೆ ಎರಡು ಬಲಿಷ್ಠ ಕೋಣಗಳಿರುತ್ತವೆ. ಅವುಗಳ ಸೆಳೆತ ಹಗ್ಗದ ಮೂಲಕವೋ ನೇಗಿಲಿನ ಮೂಲಕವೋ ಅವನನ್ನು ಮುಟ್ಟುತ್ತದೆ. ಕೆಸರು ಅವನನ್ನು ಹಿಂದಕ್ಕೆ ಎಳೆದರೆ ಕೋಣಗಳು ಮುಂದಕ್ಕೆ ಎಳೆಯುತ್ತವೆ. ಇನ್ನು ಲೆಕ್ಕದ ಮಾತು. ನಿಂತಲ್ಲಿಂದ ಹೊರಟ ಓಟಗಾರನ ಮೊದಲ ಹೆಜ್ಜೆಗಳು ನಿಧಾನ. ದೂರ ಹೆಚ್ಚಿದಂತೆ ಆ ನಿಧಾನದ ಭಾರ ಹಂಚಿಹೋಗಿ ಸರಾಸರಿ ವೇಗ ಏರುತ್ತದೆ. ಅದೇ 2009ರಲ್ಲಿ ಬೋಲ್ಟ್ ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಬೀದಿಯಲ್ಲಿ ಹಾಸಿದ ಹಾದಿಯ ಮೇಲೆ 150 ಮೀಟರನ್ನು 14.35 ಸೆಕೆಂಡಿನಲ್ಲಿ ಓಡಿದ್ದರು. ಅದನ್ನು ಇದೇ ಬಗೆಯಾಗಿ ಭಾಗಿಸಿದರೆ 100 ಮೀಟರಿಗೆ 9.57 ಸೆಕೆಂಡು ಬರುತ್ತದೆ. ಅಲ್ಲಿ ಕೊನೆಯ 100 ಮೀಟರನ್ನು ಅವರು ಕ್ರಮಿಸಿದ್ದು 8.70 ಸೆಕೆಂಡಿನಲ್ಲಿ. ಕೋಣಗಳ ಸೆಳೆತವಿಲ್ಲದೆ ಓಡಿದ ಆ ಓಟವೂ, ಕೋಣಗಳೊಡನೆ ಕೆಸರಿನಲ್ಲಿ ಓಡಿದ ಈ ಓಟವೂ ಎರಡು ಬೇರೆ ವಿದ್ಯೆಗಳು. ಒಂದರ ಅಳತೆಗೋಲಿನಿಂದ ಇನ್ನೊಂದನ್ನು ಅಳೆಯುವುದು ವೀಣೆಯನ್ನು ಮದ್ದಳೆಯ ತಾಳದಿಂದ ಪರೀಕ್ಷಿಸಿದಂತೆ.

ಆಶ್ಚರ್ಯವೆಂದರೆ, ಈ ಸತ್ಯವನ್ನು ದೇಶದ ಅಭಿಮಾನಿಗಳಿಗಿಂತ ಮೊದಲು ಹೇಳಿದವರು ಸ್ವತಃ ಶ್ರೀನಿವಾಸ ಗೌಡರೇ. ಬೋಲ್ಟ್ ವಿಶ್ವವಿಜೇತರು, ತಾನು ಕೆಸರುಗದ್ದೆಯಲ್ಲಿ ಓಡುವವನು ಎಂದು ಅವರು ವಿನಯದಿಂದ ತಿಳಿಸಿದರು. ಪರೀಕ್ಷಾ ಓಟದ ಆಹ್ವಾನವನ್ನು ಒಪ್ಪಲಿಲ್ಲ. ತಮ್ಮ ಗಮನವೆಲ್ಲ ಕಂಬಳದ ಕಡೆಗೇ ಇರುವುದೆಂದರು. ಕೀರ್ತಿಯು ಬಾಗಿಲಿಗೆ ಬಂದು ಕರೆದಾಗ ತನ್ನ ಅಳವನ್ನೂ ತನ್ನ ಕಾಯಕದ ನೆಲೆಯನ್ನೂ ಮರೆಯದಿರುವುದು ಸಣ್ಣ ಮಾತಲ್ಲ. 13.62 ಎಂಬ ಅಂಕಿಗಿಂತ ಈ ವಿವೇಕವೇ ಹೆಚ್ಚು ಮೆಚ್ಚತಕ್ಕದ್ದೆಂದು ನನ್ನ ಭಾವನೆ.

ಅಂಕಿಯ ಮೇಲೆ ನಿಂತ ಮೆಚ್ಚುಗೆ ಎಷ್ಟು ದಿನ ಬಾಳುತ್ತದೆ? ಅದೇ ಫೆಬ್ರವರಿಯಲ್ಲಿಯೇ ಬೆಳ್ತಂಗಡಿ ತಾಲೂಕಿನ ವೇಣೂರಿನ ಕಂಬಳದಲ್ಲಿ ಬಜಗೋಳಿ ಜೋಗಿಬೆಟ್ಟು ನಿಶಾಂತ್ ಶೆಟ್ಟರು 143 ಮೀಟರನ್ನು 13.61 ಸೆಕೆಂಡಿನಲ್ಲಿ ಓಡಿದರು. ಅದೇ ಲೆಕ್ಕದಂತೆ 100 ಮೀಟರಿಗೆ 9.51 ಸೆಕೆಂಡು. ಜಗತ್ತೆಲ್ಲ ಒಬ್ಬರನ್ನು ಹೊಗಳಿ ಮುಗಿಸುವ ಮೊದಲೇ ಇನ್ನೊಬ್ಬರು ಮುಂದೆ ಬಂದಿದ್ದರು. ಮತ್ತೆ 2021ರ ಮಾರ್ಚ್ ತಿಂಗಳಲ್ಲಿ ಕಕ್ಯಪದವಿನ ಸತ್ಯ-ಧರ್ಮ ಜೋಡುಕರೆಯಲ್ಲಿ ಶ್ರೀನಿವಾಸ ಗೌಡರು 125 ಮೀಟರನ್ನು 11.21 ಸೆಕೆಂಡಿನಲ್ಲಿ ಮುಗಿಸಿದರು. ಮೂರು ಕರೆಗಳ ಉದ್ದವೂ ಮೂರು ತೆರನಾದದ್ದೆಂಬುದನ್ನು ಗಮನಿಸಿರಿ. ನೀರಿನ ಆಳ, ಕೆಸರಿನ ಗುಣ, ಓಡಿದ ಕೋಣಗಳು, ಎಲ್ಲವೂ ಊರಿಂದೂರಿಗೆ ಬೇರೆ. ಆದುದರಿಂದಲೇ ಕಂಬಳದ ಕಣವನ್ನು ಬಲ್ಲವರು ಅಂಕಿಯನ್ನು ಕೇಳಿ ತಲೆದೂಗಿದರೂ ಅದನ್ನೇ ಹಿಡಿದು ಕೂರುವುದಿಲ್ಲ.

ಹಾಗಾದರೆ ಊರವರು ಮೆಚ್ಚುವುದು ಏನನ್ನು? ಅದನ್ನು ತಿಳಿಯಬೇಕಾದರೆ ಕಂಬಳದ ಮರುದಿನದ ಪತ್ರಿಕೆಯಲ್ಲಿ ಫಲಿತಾಂಶವನ್ನು ಬರೆಯುವ ಕ್ರಮವನ್ನು ನೋಡಬೇಕು. ಮೊದಲು ಕೋಣಗಳ ಯಜಮಾನರ ಊರು ಮತ್ತು ಹೆಸರು. ಅವರಿಗೆ ಒಂದಕ್ಕಿಂತ ಹೆಚ್ಚು ಜೊತೆಗಳಿದ್ದರೆ ಎ, ಬಿ ಎಂಬ ಗುರುತು. ಅದರ ಕೆಳಗೆ "ಓಡಿಸಿದವರು" ಎಂದು ಓಟಗಾರನ ಹೆಸರು. ಓಟಗಾರನ ಹೆಸರಿಗೂ ಮುಂದೆ ಅವನ ಊರು ಇದ್ದೇ ಇರುತ್ತದೆ. ದೇಶದ ಪತ್ರಿಕೆಗಳು ಒಬ್ಬನ ಚಿತ್ರವನ್ನು ಮಾತ್ರ ಮುದ್ರಿಸಿದಾಗ, ಊರಿನ ಪತ್ರಿಕೆ ಸಾಲುಸಾಲಾಗಿ ಇಡೀ ಸಂಬಂಧವನ್ನೇ ಮುದ್ರಿಸುತ್ತಿತ್ತು. ಓಟಗಾರನು ಕೋಣಗಳನ್ನು ಗೆಲ್ಲಿಸಿದನು. ಕೋಣಗಳು ಯಜಮಾನನ ಮನೆಯ ಮಾನವನ್ನು ಹೆಚ್ಚಿಸಿದವು. ಆ ಮನೆಯಿಂದ ಊರಿಗೆ ಹೆಸರು ಬಂತು. ಇದು ಊರಿನವರ ಲೆಕ್ಕ.

ಕರೆಗಳ ಹೆಸರುಗಳೂ ಇದೇ ಮಾತನ್ನು ಹೇಳುತ್ತವೆ. ಮೂಡುಬಿದಿರೆಯ ಕಡಲಕೆರೆಯ ಕರೆಗಳಿಗೆ ಕೋಟಿ-ಚೆನ್ನಯರ ಹೆಸರು. ಐಕಳದಲ್ಲಿ ಕಾಂತಾಬಾರೆ-ಬೂದಾಬಾರೆ. ಬಂಟ್ವಾಳ ತಾಲೂಕಿನ ಹೊಕ್ಕಾಡಿಗೋಳಿಯಲ್ಲಿ ವೀರ-ವಿಕ್ರಮ. ಕೋಟಿ-ಚೆನ್ನಯರು ಪಾಡ್ದನಗಳಲ್ಲಿ ಹಾಡಲ್ಪಡುವ, ಗರಡಿಗಳಲ್ಲಿ ಆರಾಧಿಸಲ್ಪಡುವ ಅವಳಿ ವೀರರು, ಕಾಂತಾಬಾರೆ-ಬೂದಾಬಾರೆಯರೂ ಅವಳಿಗಳೇ. ತುಳುನಾಡು ತನ್ನ ವೀರರನ್ನು ಒಂಟಿಯಾಗಿ ನೆನೆಯದೆ ಜೋಡಿಯಾಗಿ ನೆನೆದಿದೆ. ನೊಗಕ್ಕೆ ಎರಡು ಕೋಣಗಳು, ಕಣಕ್ಕೆ ಎರಡು ಕರೆಗಳು, ಹೆಸರಿಗೆ ಇಬ್ಬರು ಅಣ್ಣತಮ್ಮಂದಿರು. ಗೆಲುವು ಒಬ್ಬನದಲ್ಲ ಎಂಬ ತಿಳಿವಳಿಕೆ ಇಲ್ಲಿ ಕಣದ ಹೆಸರಿನಲ್ಲಿಯೇ ಬೆರೆತುಹೋಗಿದೆ.

ಈ ತಿಳಿವಳಿಕೆಯನ್ನು ಕಳೆದುಕೊಂಡರೆ ಆಗುವ ನಷ್ಟ ಕೇವಲ ಮಾತಿನದಲ್ಲ. 2014ರ ಮೇ 7ರಂದು ಸರ್ವೋಚ್ಚ ನ್ಯಾಯಾಲಯವು ಜಲ್ಲಿಕಟ್ಟು ಮತ್ತು ಎತ್ತಿನ ಬಂಡಿ ಓಟಗಳನ್ನು ನಿಷೇಧಿಸಿದಾಗ ಮುಂದಿಟ್ಟ ಪ್ರಶ್ನೆ ಪ್ರಾಣಿಗಳ ನೋವಿನದಾಗಿತ್ತು. ಅದರ ಬೆನ್ನಿಗೆ ಕಂಬಳವೂ ಸಂಕಟಕ್ಕೆ ಸಿಕ್ಕಿತು. 2016ರ ನವೆಂಬರಿನಲ್ಲಿ ರಾಜ್ಯದ ಉಚ್ಚ ನ್ಯಾಯಾಲಯ ಅದಕ್ಕೆ ತಡೆ ನೀಡಿತು. 2017ರಲ್ಲಿ ರಾಜ್ಯವು ಪ್ರಾಣಿಹಿಂಸೆ ತಡೆ ಕಾಯಿದೆಗೆ ತಿದ್ದುಪಡಿ ತಂದು ದಾರಿ ಮಾಡಿಕೊಟ್ಟಿತು. 2023ರ ಮೇ 18ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಅದೇ ವರ್ಷ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿಯೂ ಕರೆಯನ್ನು ತೋಡಿ ಕಂಬಳ ನಡೆಸಲಾಯಿತು. ಆದರೆ ಈ ಅನುಮತಿಯ ಬೇರು ಪ್ರಾಣಿಗೆ ಆಗುವ ನೋವನ್ನು ತಗ್ಗಿಸುವೆವೆಂಬ ವಚನದಲ್ಲಿದೆ. ಅಭಿಮಾನಿಗಳು ವೇಗವನ್ನೇ ಬೇಡುತ್ತ ಹೋದರೆ, ಸೆಕೆಂಡಿನ ನೂರನೆಯ ಒಂದು ಭಾಗಕ್ಕಾಗಿ ಕೂಗುತ್ತ ಹೋದರೆ, ಆ ಕೂಗು ಕೊನೆಗೆ ಬಾರುಕೋಲಾಗಿ ಇಳಿಯುವುದು ಕೋಣದ ಬೆನ್ನಿನ ಮೇಲೆ. ಆಗ ಸೋಲುವುದು ಕೋಣ ಮಾತ್ರವಲ್ಲ, ಕಂಬಳವೂ.

ಓಟಗಾರನ ದೇಹಕ್ಕೂ ಈ ಮಾತು ಸಲ್ಲುತ್ತದೆ. ಅವನು ಯಂತ್ರವಲ್ಲ. ಒಂದೇ ರಾತ್ರಿಯಲ್ಲಿ ಹಲವು ಸಲ ಗಂತಿನಿಂದ ಮಂಜೊಟ್ಟಿಗೆ ಓಡಬೇಕು; ಜಾರಿ ಬಿದ್ದರೆ ಕೆಸರಿನಲ್ಲಿ ಎಳೆದೊಯ್ಯಲ್ಪಡುವ ಭಯ ಇದ್ದೇ ಇದೆ. ಋತು ಮುಗಿದ ಮೇಲೆ ಅವನೂ ದುಡಿದು ಸಂಸಾರವನ್ನು ಸಾಗಿಸಬೇಕಾದ ಮನೆಯ ಮಗನೇ. ಗೆದ್ದ ದಿನ ಹೆಗಲ ಮೇಲೆ ಹೊತ್ತವರು ಸೋತ ದಿನ ಅವನ ಮುಖವನ್ನು ನೋಡದೆ ಹೋದರೆ ಅದು ಅಭಿಮಾನವೆನಿಸದು. ಅವನಿಗೆ ಗಾಯವಾದಾಗ ವಿಚಾರಿಸುವವನು, ಓಡುವ ವಯಸ್ಸು ದಾಟಿದ ಮೇಲೂ ಅವನನ್ನು ಹೆಸರು ಹಿಡಿದು ಕರೆದು ಮಣೆ ಕೊಡುವವನು ನಿಜವಾದ ಅಭಿಮಾನಿ.

ತಾಯಂದಿರೇ, ತಂದೆಗಳೇ, ನಿಮ್ಮ ಮನೆಯ ಹುಡುಗನು ಪರದೆಯ ಮೇಲಿನ ಮುಷ್ಟಿಯೋಧನನ್ನೋ ಕರೆಯ ಓಟಗಾರನನ್ನೋ ಹಗಲಿರುಳು ಹೊಗಳುತ್ತಿದ್ದರೆ ಅವನನ್ನು ಗದರಿಸಬೇಡಿರಿ. ಆ ಉತ್ಸಾಹವೇ ನಾಳೆ ಅವನ ದುಡಿಮೆಗೆ ಬಲವಾಗಬಹುದು. ಅವನನ್ನು ಕೂರಿಸಿಕೊಂಡು ಮೂರು ಪ್ರಶ್ನೆಗಳನ್ನು ಕೇಳಿರಿ: ಗೆದ್ದವನು ಯಾರು? ಅವನೊಡನೆ ಓಡಿದ ಕೋಣಗಳು ಯಾರ ಮನೆಯವು? ಆ ಕೋಣಗಳಿಗೆ ದಿನವೂ ಹುರುಳಿ ಬೇಯಿಸಿ ಹಾಕಿ, ಎಣ್ಣೆ ಹಚ್ಚಿ ಮೈ ತೊಳೆದವರು ಯಾರು? ಮೊದಲ ಪ್ರಶ್ನೆಗೆ ಅವನು ಥಟ್ಟನೆ ಉತ್ತರ ಹೇಳುವನು. ಎರಡನೆಯದಕ್ಕೆ ಪತ್ರಿಕೆಯನ್ನು ನೋಡಿ ಹೇಳುವನು. ಮೂರನೆಯದಕ್ಕೆ ಉತ್ತರ ಯಾವ ಪತ್ರಿಕೆಯಲ್ಲಿಯೂ ಸಿಗದು. ಅದಕ್ಕಾಗಿ ಅವನು ಆ ಮನೆಯ ಹಟ್ಟಿಯವರೆಗೆ ನಡೆದುಹೋಗಬೇಕು. ಹಾಗೆ ನಡೆದುಹೋದ ಹುಡುಗನಿಗೆ ಮುಂದಿನ ಕಂಬಳದಲ್ಲಿ ಓಟದ ಅಂದ ಮೂರು ಪಾಲು ಹೆಚ್ಚಾಗಿ ಕಾಣುವುದರಲ್ಲಿ ಸಂಶಯವಿಲ್ಲ.