ಸೇರಿನಲ್ಲಿ ಅಳೆದು ಕೊಡುವ ಕಂಪ್ಯೂಟರ್

ಪುಣೆಯ ಕೋಥ್ರೂಡ್‌ನ ನಮ್ಮ ಮನೆಯಲ್ಲಿ ಚಪ್ಪಲಿ ಕಪಾಟಿನ ಮೇಲೆ ಹಳೆಯ ಥಿಂಕ್‌ಪ್ಯಾಡ್ ಒಂದು ಹಗಲೂ ರಾತ್ರಿ ಎಚ್ಚರವಾಗಿರುತ್ತದೆ. ಧಾರವಾಡದಲ್ಲಿ ಕ್ಯಾಸೆಟ್ಟಿಗೆ ಹಿಡಿದಿಟ್ಟ ಅವ್ವನ ಸೋಬಾನ ಪದಗಳು ಅದರಲ್ಲಿವೆ, ಜೊತೆಗೆ ಮನೆಮಂದಿಯ ಫೋಟೊಗಳು. ಹೆಂಡತಿ ಅಡಿಗೆ ಮಾಡುತ್ತ ಫೋನಿನಲ್ಲಿ ಕೇಳುತ್ತಾಳೆ. ನಿಂತರೆ ಕೂಗು: “ಅತ್ತಿಯವರ ಹಾಡು ನಿಂತಾವ ನೋಡ್ರಿ!”

ಮೊದಲು ಈ ಕೆಲಸಕ್ಕೆ ಅಂಗಡಿಯಿಂದ ತಂದ ಸಿದ್ಧ ಪೆಟ್ಟಿಗೆಯೊಂದಿತ್ತು. ಒಂದು ಬೆಳಿಗ್ಗೆ ನೋಡಿದರೆ ಯಾರೋ ಅದರೊಳಗಿನ ಫೋಟೊಗಳಿಗೆಲ್ಲ ಕೀಲಿ ಜಡಿದು, ಬಿಟ್‌ಕಾಯಿನ್ ಕಳಿಸಿದರೆ ತೆಗೆಯುತ್ತೇವೆಂದು ಚೀಟಿ ಬರೆದಿಟ್ಟಿದ್ದರು. ತಂಗಿಯ ಮದುವೆಯ ಚಿತ್ರಗಳು ಹೋದವು. ಕ್ಯಾಸೆಟ್ಟುಗಳು ಟ್ರಂಕಿನಲ್ಲಿದ್ದುದರಿಂದ ಹಾಡು ಉಳಿಯಿತು. ಕಳ್ಳ ನುಗ್ಗಿದ್ದು ಒಂದು ಸಣ್ಣ ತಂತ್ರಾಂಶದ ಸಂದಿಯಿಂದ. ಅಲ್ಲಿಂದ ಇಡೀ ಡಿಸ್ಕಿನವರೆಗೆ ಅವನನ್ನು ಕೇಳುವವರೇ ಇರಲಿಲ್ಲ.

ಹಾಗೆ ಕೇಳಬೇಕಾದದ್ದು ಕಾರ್ಯಾಚರಣ ವ್ಯವಸ್ಥೆ. ಅಂಥ ಪ್ರತಿ ವ್ಯವಸ್ಥೆಯ ನಡುವೆ ಕರ್ನಲ್ ಎಂಬ ತಿರುಳಿರುತ್ತದೆ. ಅದರ ಅಧಿಕಾರಕ್ಕೆ ಮಿತಿಯಿಲ್ಲ. ಲಿನಕ್ಸ್ ಕರ್ನಲ್ ಇಂದು ಮೂರು ಕೋಟಿ ಸಾಲುಗಳನ್ನು ದಾಟಿದೆ. ಒಂದೇ ಯಂತ್ರದಲ್ಲಿ ಅಷ್ಟೂ ಓಡುವುದಿಲ್ಲ ನಿಜ, ಆದರೂ ನೆಟ್‌ವರ್ಕ್ ನಡೆಸುವ ಡ್ರೈವರ್ ಎಂಬ ತುಣುಕಿನ ತಪ್ಪೂ ರಾಜನ ಗಾದಿಯಲ್ಲೇ ಕೂತಿರುತ್ತದೆ. ಮೈಕ್ರೋಕರ್ನಲ್ ಪಂಥದವರು ಡ್ರೈವರಿನಂಥವನ್ನೆಲ್ಲ ಹೊರಗೆ ಕಳಿಸಿ, ತಿರುಳಿನಲ್ಲಿ ತೀರ ಬೇಕಾದಷ್ಟನ್ನೇ ಇಡುತ್ತಾರೆ. 1992ರಲ್ಲಿ ಕಂಪ್ಯೂಟರ್ ಪ್ರಾಧ್ಯಾಪಕ ಆಂಡ್ರ್ಯೂ ಟ್ಯಾನೆನ್‌ಬಾಮ್ ಇದೇ ಮಾತಿಗೆ ಲಿನಕ್ಸ್ ಬರೆದ ಲಿನಸ್ ಟೊರ್ವಾಲ್ಡ್ಸ್ ಜೊತೆ ಜಗಳಕ್ಕಿಳಿದಿದ್ದರು. ಪೇಟೆ ಗೆದ್ದದ್ದು ಲಿನಕ್ಸ್. ಆದರೆ ಸಣ್ಣ ತಿರುಳನ್ನು ಪೂರ್ತಿ ಜಾಲಾಡಿ ನೋಡಬಹುದು: 2009ರಲ್ಲಿ ಸಿಡ್ನಿಯ ತಂಡವೊಂದು ಎಸ್‌ಇಎಲ್4 ಎಂಬ ಮೈಕ್ರೋಕರ್ನಲ್‌ನ ಸುಮಾರು 8,700 ಸಾಲುಗಳು ಹೇಳಿದಂತೆಯೇ ನಡೆಯುತ್ತವೆಂದು ಗಣಿತದಿಂದ ಸಾಧಿಸಿ ತೋರಿಸಿತು.

ಪುಣೆಗೂ ಮೈಕ್ರೋಕರ್ನಲ್ ಹೊಸದಲ್ಲ. 1988ರಲ್ಲಿ ಇಲ್ಲಿ ಹುಟ್ಟಿದ ಸಿ-ಡ್ಯಾಕ್ ಎಂಬ ಸಂಶೋಧನಾ ಸಂಸ್ಥೆ, ಪರಮ್ 9000 ಸೂಪರ್‌ಕಂಪ್ಯೂಟರಿಗೆ ಪಾರಸ್ ಎಂಬ ಮೈಕ್ರೋಕರ್ನಲ್ ವ್ಯವಸ್ಥೆ ಕಟ್ಟಿತ್ತು. ಅದರ ಮೇಲೆ ಕೆಲಸ ಮಾಡಿದವರಲ್ಲಿ ಮೈಸೂರು, ಬೆಂಗಳೂರು ವಿಶ್ವವಿದ್ಯಾಲಯಗಳಲ್ಲಿ ಓದಿ ಮುಂದೆ ಮೆಲ್ಬರ್ನ್ ಸೇರಿದ ರಾಜ್‌ಕುಮಾರ್ ಬುಯ್ಯ ಒಬ್ಬರು. ಅವರಿಗೆ ಬೇಕಿದ್ದದ್ದು ಹತ್ತಾರು ಪ್ರೊಸೆಸರುಗಳನ್ನು ಒಟ್ಟಿಗೆ ದುಡಿಸುವುದು. ನನಗೆ ಬೇಕಿದ್ದದ್ದು ಕಳ್ಳನ ಕಾಲು ಕಟ್ಟುವುದು.

ಹಾಗಾಗಿ ಜರ್ಮನಿಯ ಡ್ರೆಸ್ಡೆನ್‌ನವರು ಜಿನೋಡ್ ಎಂಬ ಚೌಕಟ್ಟಿನ ಮೇಲೆ ಕಟ್ಟಿ 2018ರಲ್ಲಿ ಹೊರತಂದ ಸ್ಕಲ್ಪ್ಟ್ ಎಂಬ ಮೈಕ್ರೋಕರ್ನಲ್ ವ್ಯವಸ್ಥೆಯನ್ನು ಈ ಥಿಂಕ್‌ಪ್ಯಾಡಿಗೆ ಹಾಕಿಕೊಂಡೆ. ಅದನ್ನು ನೋಡಿದಾಗ ನೆನಪಾದದ್ದು ನಮ್ಮಜ್ಜಿ. ಉಗ್ರಾಣದ ಕೀಲಿಕೈ ಅವಳ ಸೊಂಟದಲ್ಲಿ. ಅಕ್ಕಿಯನ್ನು ಸೇರಿನಲ್ಲಿ ಅಳೆದು ಸೊಸೆಯಂದಿರಿಗೆ ಕೊಡುತ್ತಿದ್ದಳು. ಸೊಸೆ ಯಾರಿಗಾದರೂ ಕೊಡುವುದಿದ್ದರೆ ತನ್ನ ಪಾಲಿನಿಂದಲೇ ಕೊಡಬೇಕು. ಸ್ಕಲ್ಪ್ಟ್‌ನಲ್ಲಿ ಮೆಮೊರಿ ಹಂಚಿಕೆ ಥೇಟ್ ಹೀಗೆಯೇ. ತಾಯಿ ತಂತ್ರಾಂಶ ತನ್ನ ಪಾಲಿನಿಂದ ಮರಿಗೆ ಅಳೆದು ಕೊಡುತ್ತದೆ. ಮರಿ ಎಷ್ಟೇ ಹಟ ಹಿಡಿದರೂ ಪಕ್ಕದವರ ತಟ್ಟೆಗೆ ಕೈ ಹಾಕಲಾರದು.

ನನ್ನಲ್ಲಿ ಹಾಡು ಬಡಿಸುವುದು ಲೈಟ್‌ಟಿಪಿಡಿ ಎಂಬ ಪುಟ್ಟ ವೆಬ್ ಸರ್ವರ್. ಹಾಡಿನ ಫೋಲ್ಡರನ್ನು ಓದಲಷ್ಟೇ ಅದಕ್ಕೆ ಅನುಮತಿ. ಉಳಿದ ಡಿಸ್ಕ್ ಇದೆಯೆಂಬುದೇ ಅದಕ್ಕೆ ಗೊತ್ತಿಲ್ಲ. ಒಮ್ಮೆ ನೆಟ್‌ವರ್ಕ್ ಡ್ರೈವರ್ ಸತ್ತು ಬಿದ್ದಾಗ ಅದೊಂದನ್ನೇ ಎಬ್ಬಿಸಿದೆ. ಬೇರೆ ಯಾವುದಕ್ಕೂ ಸುದ್ದಿಯೇ ಹತ್ತಲಿಲ್ಲ.

ಸುಲಭವಾಯಿತೆಂದುಕೊಳ್ಳಬೇಡಿ. ಸಂರಚನೆ ಕೂಡಿಸಲು ಎಂಟು ಭಾನುವಾರ ಹೋದವು. ಯಾರಿಗೆ ಏನು ಕೊಡಬೇಕೆಂದು ಒಂದೊಂದನ್ನೂ ನಾವೇ ಬರೆಯಬೇಕು. ಮರೆತರೆ ಅದು ಉಪವಾಸ ಕೂರುತ್ತದೆ. ಧಾರವಾಡದ ತಂಗಿಗೆ ಈ ಹಾಡು ತಲುಪುವುದೂ ಇಲ್ಲ, ಏಕೆಂದರೆ ನಮ್ಮ ಇಂಟರ್ನೆಟ್‌ನವರು ಹತ್ತಾರು ಮನೆಗಳಿಗೆ ಸೇರಿ ಒಂದೇ ವಿಳಾಸ ಕೊಟ್ಟಿದ್ದಾರೆ, ಹೊರಗಿನಿಂದ ಬಂದವರಿಗೆ ನಮ್ಮ ಮನೆ ಯಾವುದೆಂದು ತಿಳಿಯದು. ಇನ್ನು ಪುಣೆಯ ಗುರುವಾರ! ದುರಸ್ತಿಗೆಂದು ಕರೆಂಟ್ ತೆಗೆದರೆ ಲ್ಯಾಪ್‌ಟಾಪಿನ ಮುದಿ ಬ್ಯಾಟರಿ ಅರ್ಧ ತಾಸು ತಾಳುತ್ತದೆ. ನಾನು ಬಳಸುವ ಇಎಕ್ಸ್‌ಟಿ2 ಕಡತ ವ್ಯವಸ್ಥೆಗೆ ಬರೆಯುವ ಮುನ್ನ ಟಿಪ್ಪಣಿ ಇಟ್ಟುಕೊಳ್ಳುವ ಅಭ್ಯಾಸವಿಲ್ಲ. ಒಂದು ಗುರುವಾರ ನಾನು ಹಾಡು ತುಂಬುತ್ತಿದ್ದ ನಡುವೆಯೇ ಆರಿಹೋಗಿ ಎರಡು ಹಾಡು ಕೆಟ್ಟವು. ಕರ್ನಲ್ ಎಷ್ಟು ಸಣ್ಣದಿದ್ದರೇನು, ಕರೆಂಟಿನ ಮುಂದೆ ಅದರದೇನೂ ನಡೆಯದು.

ಎಲ್ಲರೂ ಇದನ್ನು ಹಾಕಿಕೊಳ್ಳಿ ಎಂದು ಹೇಳಲಾರೆ. ಭಾನುವಾರಗಳಿದ್ದವರು ಹಾಕಿಕೊಳ್ಳಿ. ಉಳಿದವರು ನಿಮ್ಮ ಫೋಟೊಗಳ ಇನ್ನೊಂದು ಪ್ರತಿಯನ್ನು ಇವತ್ತೇ ಒಂದು ಡಿಸ್ಕಿಗೆ ಇಳಿಸಿ, ಬೇರೆ ಮನೆಯಲ್ಲಿಡಿ. ನನ್ನದು ತಂಗಿಯ ಕಪಾಟಿನಲ್ಲಿ, ಇಳಕಲ್ ಸೀರೆಗಳ ಕೆಳಗಿದೆ.